ಉಸ್ತಾದರ ಮನೆಯ ವಿದ್ಯಾರ್ಥಿನಿ

ಅರ್ಜಿ ನಮೂನೆಗಳಲ್ಲೆಲ್ಲ ‘ವಿದ್ಯಾರ್ಹತೆ’ ಎಂಬ ಒಂದು ಕಾಲಂ ಇರುತ್ತದೆ. ಮಕ್ಕಳನ್ನು ಶಾಲೆಗೆ ಸೇರಿಸುವಾಗ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ, ಮನೆ ಬಾಗಿಲಿಗೆ ಸಮೀಕ್ಷೆಯವರು ಬಂದಾಗ. ತಾಯಿಯ ವಿದ್ಯಾರ್ಹತೆಯನ್ನು ಕೇಳಿದಲ್ಲೆಲ್ಲ ನಾವು ‘ಒಂಬತ್ತನೆಯ ತರಗತಿ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆವು. ಹಾಗೆ ಬರೆಯುವಾಗ ನಮ್ಮ ಪತ್ನಿ ಪಕ್ಕದಲ್ಲಿ ನಿಂತು ಆ ಎರಡು ಪದಗಳನ್ನೇ ನೋಡುತ್ತಿದ್ದಳೆಂಬುದು ನಮ್ಮ ಗಮನಕ್ಕೆ ಬಂದದ್ದು ಮದುವೆಯಾಗಿ ಹದಿನೇಳು ವರ್ಷಗಳು ಕಳೆದ ಮೇಲೆ.

ಆಕೆಯ ತವರು ಕಾಸರಗೋಡಿನ ಕಡೆ. ಮಲಯಾಳಂ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಮುಗಿಸಿದ ವರ್ಷವೇ ತಾಯಿ ಹಾಸಿಗೆ ಹಿಡಿದರು. ಮನೆಯಲ್ಲಿ ಆಕೆಗಿಂತ ಸಣ್ಣವರು ಮೂವರಿದ್ದರು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಈಕೆ ಹೋಗಲಿಲ್ಲ, ಏಕೆ ಬರಲಿಲ್ಲವೆಂದು ಕೇಳಿಕೊಂಡು ಯಾರೂ ಬರಲಿಲ್ಲ. ಅಷ್ಟೇ. ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋದದ್ದು ಯಾರದೋ ವಿರೋಧದಿಂದಲ್ಲ, ಹೀಗೆ ಯಾರೂ ಕೇಳದೆ.

ಇಲ್ಲಿ ನಮ್ಮ ಕಥೆಯನ್ನೂ ಸ್ವಲ್ಪ ಹೇಳಬೇಕು. ಹೇಳದಿದ್ದರೆ ನಮ್ಮ ತಪ್ಪಿನ ಅಳತೆ ಓದುಗರಿಗೆ ತಿಳಿಯದು. ನಾವು ಐದನೆಯ ತರಗತಿ ಮುಗಿಸಿ ದರ್ಸ್ ಸೇರಿದವರು. ಮಸೀದಿಯ ಮಾಳಿಗೆಯಲ್ಲಿ ಚಾಪೆ, ಊರವರ ಮನೆಯ ಊಟ, ಮುಂದೆ ಅಲ್ಫಿಯಾ, ಫತ್‌ಹುಲ್ ಮುಈನ್. ಆ ವರ್ಷಗಳ ಬಗ್ಗೆ ನಮಗೆ ಯಾವ ದೂರೂ ಇಲ್ಲ. ಒಂದು ವಾಕ್ಯವನ್ನು ಬಿಡಿಸಿ ಬಿಡಿಸಿ ಓದುವುದನ್ನು ನಾವು ಕಲಿತದ್ದು ಅಲ್ಲಿಯೇ, ಮುಂದೆ ಹಳಗನ್ನಡವನ್ನು ಓದುವಾಗ ನೆರವಿಗೆ ಬಂದದ್ದೂ ಅದೇ ಅಭ್ಯಾಸ. ಆದರೆ ಮೂವತ್ತರ ಹೊಸ್ತಿಲಲ್ಲಿ ಒಂದು ಶಾಲೆಯಲ್ಲಿ ಅರಬಿ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಿದಾಗ, ಹತ್ತನೆಯ ತರಗತಿಯ ಪ್ರಮಾಣಪತ್ರವಿಲ್ಲವೆಂಬ ಒಂದೇ ಕಾರಣಕ್ಕೆ ಅದು ಹಿಂದಿರುಗಿ ಬಂತು. ಆ ವರ್ಷವೇ ನಾವು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ, ಅಂದರೆ ಎನ್‌ಐಒಎಸ್‌ಗೆ ಸೇರಿ ಹತ್ತನ್ನೂ ನಂತರ ಹನ್ನೆರಡನ್ನೂ ಮುಗಿಸಿದೆವು. ಆಮೇಲೆ ದೂರಶಿಕ್ಷಣದಲ್ಲಿ ಕನ್ನಡ ಬಿ.ಎ.

ಇದಿಷ್ಟೂ ನಡೆದದ್ದು ಗುಟ್ಟಿನಲ್ಲಿ. ಸಮಾಜ ವಿಜ್ಞಾನದ ಪುಸ್ತಕವನ್ನು ಕಿತಾಬುಗಳ ಅಡಿಯಲ್ಲಿ ಇಡುತ್ತಿದ್ದೆವು. ಪರೀಕ್ಷೆಯ ದಿನಗಳಲ್ಲಿ ಕಿತಾಬ್ ಖರೀದಿಗೆ ಮಂಗಳೂರಿಗೆ ಹೋಗುತ್ತೇವೆಂದು ಜಮಾಅತಿನವರಿಗೆ ಹೇಳಿದೆವು. ಅದು ಸುಳ್ಳೇ ಆಗಿತ್ತು. ಮಕ್ಕಳಿಗೆ ಸತ್ಯದ ಪಾಠ ಹೇಳುವ ಉಸ್ತಾದರು ಹದಿನಾರರ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತಿದ್ದಾರೆಂದು ಊರಿಗೆ ತಿಳಿಯಬಾರದೆಂಬುದೇ ನಮಗಿದ್ದ ಚಿಂತೆ. ಬುತ್ತಿ ಕಟ್ಟಿಕೊಟ್ಟವಳು, ಗುಟ್ಟು ಕಾಪಾಡಿದವಳು ನಮ್ಮ ಪತ್ನಿ. ಒಂದು ಮಾತನ್ನೂ ಹೊರಗೆ ಬಿಡಲಿಲ್ಲ.

2022ರ ಮಳೆಗಾಲದ ಆರಂಭದಲ್ಲಿ, ಹಿರಿಯ ಮಗಳು ಎಸ್ಸೆಸ್ಸೆಲ್ಸಿಗೆ ಕಾಲಿಟ್ಟ ವಾರದಲ್ಲಿ, ರಾತ್ರಿ ಊಟದ ಬಟ್ಟಲುಗಳನ್ನು ಎತ್ತುತ್ತಾ ಆಕೆ ಕೇಳಿದಳು: “ನೀವು ಬರೆದ ಆ ಪರೀಕ್ಷೆಯನ್ನು ನಾನೂ ಬರೆಯಬಹುದೇ?”

ನಮ್ಮ ಬಾಯಿಂದ ಬಂದ ಉತ್ತರ ಹೀಗಿತ್ತು: “ಈ ವಯಸ್ಸಿನಲ್ಲಿ ಅದೆಲ್ಲ ಏಕೆ?”

ಆಕೆಗೆ ಆಗ ಮೂವತ್ತೇಳು. ನಾವು ಸೇರಿದಾಗ ನಮಗೂ ಹೆಚ್ಚುಕಡಿಮೆ ಮೂವತ್ತೊಂದಾಗಿತ್ತು. ಸಹಾಬಿಗಳು ದೊಡ್ಡ ವಯಸ್ಸಿನಲ್ಲಿಯೂ ವಿದ್ಯೆ ಕಲಿತರೆಂದು ಇಮಾಮ್ ಬುಖಾರಿ(ರ)ಯವರು ತಮ್ಮ ಸಂಗ್ರಹದ ಇಲ್ಮ್ ಅಧ್ಯಾಯದಲ್ಲಿ ದಾಖಲಿಸಿರುವುದನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ನಮ್ಮದೇ ಅಡುಗೆಮನೆಯ ಬಾಗಿಲಲ್ಲಿ ಅದು ನೆನಪಿಗೆ ಬರಲಿಲ್ಲ. ಆಕೆ ಏನೂ ಹೇಳದೆ ಬಟ್ಟಲುಗಳನ್ನು ತೊಳೆಯಲು ಹೋದಳು.

ಇದಾಗಿ ಕೆಲವು ದಿನಗಳಲ್ಲಿ, ತಪ್ಪನ್ನು ತಿದ್ದಿಕೊಳ್ಳುವ ಆತುರದಲ್ಲಿ ನಾವು ಇನ್ನೂ ದೊಡ್ಡ ತಪ್ಪಿಗೆ ಕೈಹಾಕಿದೆವು. ಪೇಟೆಯಲ್ಲಿ ಒಬ್ಬರು ಕರಪತ್ರ ಕೊಟ್ಟರು. ಎಲ್ಲವೂ ಆನ್‌ಲೈನ್, ಪರೀಕ್ಷಾ ಕೇಂದ್ರಕ್ಕೆ ಹೋಗಬೇಕಾಗಿಲ್ಲ, ಹಣ ಕಟ್ಟಿದರೆ ಎರಡು ತಿಂಗಳಲ್ಲಿ ಹತ್ತನೆಯ ತರಗತಿಯ ಪ್ರಮಾಣಪತ್ರ ಮನೆಗೆ ಬರುತ್ತದೆ ಎಂದಿತ್ತು. ಬೋರ್ಡಿನ ಹೆಸರು ಕೇಳಲು ಗಂಭೀರವಾಗಿಯೇ ಇತ್ತು. ಆಕೆ ಬಸ್ಸು ಹತ್ತಬೇಕಾಗಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದೇ ನಮಗೆ ಅದರಲ್ಲಿ ಕಂಡ ದೊಡ್ಡ ಗುಣ. ಕರಪತ್ರವನ್ನು ಮನೆಗೆ ತಂದು ತೋರಿಸಿದೆವು.

ಆಕೆ ಅದನ್ನು ಎರಡು ಸಲ ಓದಿದಳು. ಬಳಿಕ ಕೇಳಿದಳು: “ಧಾನ್ಯದ ರಾಶಿಯ ಹದೀಸನ್ನು ನೀವು ಕಳೆದ ವಾರ ಮಕ್ಕಳಿಗೆ ಹೇಳಿಕೊಟ್ಟಿರಲ್ಲ, ಅದು ಮಾರುಕಟ್ಟೆಯವರಿಗೆ ಮಾತ್ರವೇ?”

ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವ ತಗುಲಿದ ಘಟನೆ ಓದುಗರಿಗೆ ತಿಳಿದದ್ದೇ. ಮೇಲೆ ಒಣಗಿದ ಕಾಳು, ಒಳಗೆ ನೆನೆದ ಕಾಳು. ಕಲಿಯದೆ ಪಡೆದ ಪ್ರಮಾಣಪತ್ರಕ್ಕೆ ಇದಕ್ಕಿಂತ ತಕ್ಕ ಹೋಲಿಕೆ ನಮಗೆ ಇನ್ನೂ ಸಿಕ್ಕಿಲ್ಲ. ಇಂಥ ಹೆಸರುಗಳ ಬಲೆಗೆ ಬಿದ್ದು ಹಣ ಕಳೆದುಕೊಂಡವರು, ಉದ್ಯೋಗಕ್ಕೆ ಹೋದಾಗ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದವರು ನಮ್ಮ ಸುತ್ತಮುತ್ತಲಿನಲ್ಲಿಯೇ ಇದ್ದಾರೆ. ಪರೀಕ್ಷೆಯೇ ಇಲ್ಲವೆಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬರುವುದು ಲೇಸು.

ಎನ್‌ಐಒಎಸ್ ಅಂಥದ್ದಲ್ಲ. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಆರಂಭವಾಗಿ, 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂಬ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರನ್ನು ಪಡೆದ ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ಮಂಡಳಿ ಇದು. ಹತ್ತನೆಯ ತರಗತಿಗೆ ಸಮಾನವಾದ ಸೆಕೆಂಡರಿ ಕೋರ್ಸಿಗೆ ಹದಿನಾಲ್ಕು ವರ್ಷ ತುಂಬಿರಬೇಕು. ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಎಂಟನೆಯ ತರಗತಿಯ ದಾಖಲೆ ಇಲ್ಲದವರು ತಾವು ಈ ಕೋರ್ಸನ್ನು ಓದುವಷ್ಟು ಕಲಿತಿದ್ದೇವೆಂದು ಸ್ವಯಂ ದೃಢೀಕರಣ ಕೊಟ್ಟರೆ ಸಾಕು. ಐದು ವಿಷಯಗಳು, ಅವುಗಳಲ್ಲಿ ಒಂದಾದರೂ ಭಾಷೆಯಾಗಿರಬೇಕು, ಎರಡಕ್ಕಿಂತ ಹೆಚ್ಚು ಭಾಷೆಗಳಿರಬಾರದು. ಉತ್ತೀರ್ಣತೆಗೆ ಶೇಕಡಾ 33. ಪರೀಕ್ಷೆ ವರ್ಷಕ್ಕೆ ಎರಡು ಬಾರಿ. ನೋಂದಣಿ ಐದು ವರ್ಷ ಊರ್ಜಿತವಿರುತ್ತದೆ, ಅಷ್ಟರೊಳಗೆ ಒಂಬತ್ತು ಅವಕಾಶಗಳು. ಒಂದು ವಿಷಯದಲ್ಲಿ ಬಿದ್ದವರು ಐದನ್ನೂ ಮತ್ತೆ ಬರೆಯಬೇಕಾಗಿಲ್ಲ. ಮನೆಯ ಹೊಣೆ ಹೊತ್ತವರಿಗೆ ಈ ಕೊನೆಯ ಮಾತು ಎಷ್ಟು ದೊಡ್ಡದೆಂಬುದು ಅನುಭವಿಸಿದವರಿಗೇ ಗೊತ್ತು.

ಪ್ರವೇಶ ಆನ್‌ಲೈನ್‌ನಲ್ಲಿಯೇ ಆಯಿತು. ಫೋಟೋ, ಸಹಿ, ಜನ್ಮದಿನಾಂಕದ ದಾಖಲೆ, ಆಧಾರ್ ಎಲ್ಲವನ್ನೂ ಮಗಳೇ ಫೋನಿನಲ್ಲಿ ಏರಿಸಿದಳು. ಮಲಯಾಳಂ ಮಾಧ್ಯಮವಿದ್ದದ್ದು ಆಕೆಗೆ ಅನುಕೂಲವಾಯಿತು. ಮಲಯಾಳಂ, ಅರಬಿ, ಗೃಹವಿಜ್ಞಾನ, ಸಮಾಜ ವಿಜ್ಞಾನ ಎಂಬ ನಾಲ್ಕರ ಬಗ್ಗೆ ಚರ್ಚೆಯೇ ಇರಲಿಲ್ಲ. ಐದನೆಯದಾಗಿ ಗಣಿತವೇ ಬೇಕೆಂದಳು. ಅದು ಕಡ್ಡಾಯವಲ್ಲ, ಸುಲಭವಾದ ಬೇರೆ ವಿಷಯಗಳಿವೆ ಎಂದು ನಾವು ತಿಳಿಸಿ ಹೇಳಿದೆವು. “ಬಿಟ್ಟು ಬಂದದ್ದು ಅದನ್ನೇ,” ಎಂದಳು. ಒಂಬತ್ತರ ವಾರ್ಷಿಕ ಪರೀಕ್ಷೆಯಲ್ಲಿ ಆಕೆಗೆ ಗಣಿತದಲ್ಲಿ ತರಗತಿಗೇ ಹೆಚ್ಚು ಅಂಕ ಬಂದಿತ್ತೆಂಬುದು ನಮಗೆ ಅಂದು ತಿಳಿಯಿತು. ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದವರಿಗೆ.

ಆನ್‌ಲೈನ್ ಎಂದಾಕ್ಷಣ ಎಲ್ಲವೂ ಕೈಬೆರಳಿನಲ್ಲಿ ಆಗಿಬಿಡುತ್ತದೆಂದು ಭಾವಿಸುವವರಿದ್ದಾರೆ. ಪಾಠ ಓದುವವರು ನಾವೇ. ಸಂಸ್ಥೆಯ ದೃಶ್ಯಪಾಠಗಳು ಇವೆ ನಿಜ, ಆದರೆ ನಾವು ನೋಡಿದವುಗಳಲ್ಲಿ ಹೆಚ್ಚಿನವು ಹಿಂದಿ ಮತ್ತು ಇಂಗ್ಲಿಷಿನಲ್ಲಿದ್ದವು, ಆಕೆಗೆ ಅರ್ಧದಷ್ಟೇ ದಕ್ಕುತ್ತಿತ್ತು. ಮನೆಗೊಂದೇ ಸ್ಮಾರ್ಟ್‌ಫೋನ್, ಅದಕ್ಕೆ ಮೂವರು ಮಕ್ಕಳ ಸರದಿ ಮುಗಿದ ಮೇಲೆ ತಾಯಿಯ ಸರದಿ. ಅಸೈನ್‌ಮೆಂಟುಗಳನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು, ಪಿಡಿಎಫ್ ಮಾಡಿ ಏರಿಸಬೇಕು. ಅವಕ್ಕೆ ಶೇಕಡಾ 20ರ ತೂಕವಿದೆ. ಕಡೆಯ ದಿನ ರಾತ್ರಿ ಜಾಲತಾಣ ತೆರೆದುಕೊಳ್ಳದೆ ಆಕೆ ಅತ್ತದ್ದನ್ನು ನಾವು ನೋಡಿದ್ದೇವೆ. ಸುಬಹ್ ನಮಾಝಿನ ಮೊದಲು ಅದು ತೆರೆದುಕೊಂಡಿತು. ಅಂತಿಮ ಪರೀಕ್ಷೆಗೆ ನಿಗದಿಯಾದ ಕೇಂದ್ರಕ್ಕೆ ಹೋಗಲೇಬೇಕು.

2023ರ ಏಪ್ರಿಲ್ ಪರೀಕ್ಷೆಯ ಹೊತ್ತಿಗೆ ರಮಝಾನ್ ಬಂತು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಅದೇ ದಿನಗಳಲ್ಲಿ. ನಾವು ತರಾವೀಹ್ ಮುಗಿಸಿ ಬರುವಾಗ ಒಂದೇ ಮೇಜಿನ ಎರಡು ಬದಿಗಳಲ್ಲಿ ತಾಯಿ ಮಗಳು ಕುಳಿತಿರುತ್ತಿದ್ದರು. ಗಣಿತದಲ್ಲಿ ಮಗಳು ಉಸ್ತಾದ್, ತಾಯಿ ವಿದ್ಯಾರ್ಥಿನಿ. ಮಗಳು ಒಮ್ಮೊಮ್ಮೆ ತಾಳ್ಮೆಗೆಟ್ಟು ಗದರಿಸುವುದೂ ಇತ್ತು. ಆಗ ತಾಯಿ ನಗುತ್ತಿದ್ದಳೇ ಹೊರತು ಮಗಳೆಂಬ ಅಧಿಕಾರವನ್ನು ಮುಂದೆ ತರುತ್ತಿರಲಿಲ್ಲ. ನಾವು ಅರಬಿ ಹೇಳಿಕೊಡಲು ಹೋಗಿ ವ್ಯಾಕರಣದ ಸೂತ್ರಗಳಲ್ಲಿ ಅರ್ಧ ತಾಸು ಕಳೆದಾಗ, “ಇದು ಪರೀಕ್ಷೆಗೆ ಬರುತ್ತದೆಯೇ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಪರೀಕ್ಷೆ ಮಧ್ಯಾಹ್ನ ಎರಡೂವರೆಯಿಂದ ಐದೂವರೆಯವರೆಗೆ, ಉಪವಾಸದಲ್ಲಿ. ಮೊದಲ ದಿನ ಜೊತೆಗೆ ಹೋಗುವೆವೆಂದು ನಾವು ಮಾತು ಕೊಟ್ಟಿದ್ದೆವು. ಹಿಂದಿನ ಸಂಜೆ ಮಸೀದಿಯ ಅಂಗಳದಲ್ಲಿ ಹಿರಿಯರೊಬ್ಬರು ನಗುತ್ತಾ, “ಉಸ್ತಾದರ ಮನೆಯವರು ಈಗ ಶಾಲೆಗೆ ಹೋಗುತ್ತಾರಂತೆ?” ಎಂದರು. ಅದರಲ್ಲಿ ಕೆಡುಕೇನೂ ಇರಲಿಲ್ಲವೇನೋ. ನಾವು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಚಪ್ಪಲಿ ಹುಡುಕುವವರಂತೆ ಬಗ್ಗಿದೆವು. ಮರುದಿನ ಬೆಳಿಗ್ಗೆ ಮದ್ರಸಾದಲ್ಲಿ ಕೆಲಸವಿದೆಯೆಂದು ಹೇಳಿ ಆಕೆಯನ್ನು ಒಬ್ಬಳೇ ಕಳುಹಿಸಿದೆವು. ಮದ್ರಸಾದಲ್ಲಿ ಕೆಲಸವೇನೂ ಇರಲಿಲ್ಲ.

ಬಾಂಗಿಗೆ ಕೆಲವೇ ನಿಮಿಷಗಳಿರುವಾಗ ಆಕೆ ಬಸ್ಸಿಳಿದು ಬಂದಳು. ಬುರ್ಖಾದ ತೋಳಿನ ಮೇಲೆ ಶಾಯಿಯ ಕಲೆ. ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಮೇಲೆ ಹೇಳಿದ ಮೊದಲ ಮಾತು: “ನನ್ನ ಪಕ್ಕದ ಬೆಂಚಿನಲ್ಲಿ ನಿಮ್ಮ ಶಿಷ್ಯನೊಬ್ಬನಿದ್ದ. ಹಿಫ್ಝ್ ಮುಗಿಸಿದ ಹುಡುಗ. ಉಸ್ತಾದರೂ ಬಂದಿದ್ದಾರೆಯೇ ಎಂದು ಕೇಳಿದ.” ಏನು ಹೇಳಿದೆ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ. ನಮ್ಮ ಗುಟ್ಟನ್ನು ಅಷ್ಟು ವರ್ಷ ಕಾಪಾಡಿದವಳು ಆ ದಿನವೂ ನಮ್ಮ ಮಾನವನ್ನು ಕಾಪಾಡಿಯೇ ಇರುತ್ತಾಳೆ.

ಫಲಿತಾಂಶ ಬಂದಾಗ ನಾಲ್ಕು ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಇಲ್ಲ. ಮಗಳು ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದರೂ ಸಿಹಿ ಹಂಚಲು ಒಪ್ಪಲಿಲ್ಲ, ಒಟ್ಟಿಗೇ ಹಂಚೋಣ ಎಂದಳು. ಮಳೆಗಾಲವಿಡೀ ಮತ್ತೆ ಅದೇ ಮೇಜು. ಅಕ್ಟೋಬರ್-ನವೆಂಬರ್ ಸರದಿಯಲ್ಲಿ ಗಣಿತ ಪತ್ರಿಕೆಯ ದಿನ ನಾವು ಮದ್ರಸಾಕ್ಕೆ ರಜೆ ಹಾಕಿ, ಕಾರಣದ ಜಾಗದಲ್ಲಿ ‘ಪತ್ನಿಯ ಹತ್ತನೆಯ ತರಗತಿ ಪರೀಕ್ಷೆ’ ಎಂದೇ ಬರೆದುಕೊಟ್ಟು ಹೊರಟೆವು. ಮೂರು ತಾಸು ಗೇಟಿನ ಹೊರಗಿನ ಹಲಸಿನ ಮರದಡಿ ನಿಂತಿದ್ದೆವು. ಅಲ್ಲಿ ನಮ್ಮಂತೆಯೇ ಕಾಯುತ್ತಿದ್ದವರಲ್ಲಿ ಒಬ್ಬ ಲಾರಿ ಚಾಲಕ, ಹೆಂಡತಿ ಒಳಗೆ ಬರೆಯುತ್ತಿದ್ದಾಳೆ. ಮತ್ತೊಬ್ಬ ಮುದುಕರು, ಮೊಮ್ಮಗನಿಗಾಗಿ ಬಂದವರು. “ನೀವು ಮಗಳನ್ನು ಕರೆತಂದಿರೋ?” ಎಂದು ಅವರು ಕೇಳಿದಾಗ, ಇಲ್ಲ, ಪತ್ನಿಯನ್ನು ಎಂದೆವು. ನಾವೂ ಇದೇ ಪರೀಕ್ಷೆಯನ್ನು ಬರೆದು ಪಾಸಾದವರು ಎಂದೂ ಸೇರಿಸಿದೆವು. ಹನ್ನೆರಡು ವರ್ಷಗಳಲ್ಲಿ ಪರಿಚಯವಿಲ್ಲದವರೊಡನೆ ಆಡಿದ ಆ ಮಾತು ಅದೇ ಮೊದಲು. ಮುದುಕರು ತಲೆಯಾಡಿಸಿ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ಮುಂದುವರಿಸಿದರು.

ಗಣಿತ ಆಯಿತು. ಅಂಕಗಳೆಷ್ಟು ಎಂದು ಬರೆಯಬೇಡಿ ಎಂದು ಆಕೆಯ ಅಪ್ಪಣೆಯಾಗಿದೆ.

ಈಗ ಗುರುವಾರಗಳಂದು ಅಸ್ರ್ ನಮಾಝಿನ ನಂತರ ನಮ್ಮ ಮನೆಯ ಜಗಲಿಯಲ್ಲಿ ನಾಲ್ವರು ತಾಯಂದಿರು ಸೇರುತ್ತಾರೆ. ಇಬ್ಬರು ಆರನೆಯ ತರಗತಿಗೆ ಬಿಟ್ಟವರು, ಒಬ್ಬರು ಎಂಟರಲ್ಲಿ ಬಿಟ್ಟವರು. ನಾಲ್ಕನೆಯವರಿಗೆ ಐವತ್ತು ದಾಟಿದೆ, ಗಂಡ ತೀರಿಹೋಗಿದ್ದಾರೆ, ಓದಲು ಬರುತ್ತದೆ, ಬರೆಯುವಾಗ ಕೈ ನಡುಗುತ್ತದೆ. ಅವರ ಜನ್ಮದಿನಾಂಕಕ್ಕೆ ಸರಿಯಾದ ದಾಖಲೆ ಇಲ್ಲ. ಮತದಾರರ ಚೀಟಿಯಲ್ಲಿ ಒಂದು ವರ್ಷ, ಆಧಾರ್‌ನಲ್ಲಿ ಇನ್ನೊಂದು. ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಸಿಕ್ಕೀತೇ ಎಂದು ನೋಡಬೇಕಾಗಿದೆ. ಆ ಶಾಲೆ ಈಗ ಮತ್ತೊಂದರೊಡನೆ ವಿಲೀನವಾಗಿದೆ. ಬರುವ ಸೋಮವಾರ ಅವರನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಕೇಳುವ ಕೆಲಸವನ್ನು ನಮ್ಮ ಪತ್ನಿ ನಮಗೆ ಒಪ್ಪಿಸಿದ್ದಾಳೆ. ಮದ್ರಸಾದಲ್ಲಿ ಅಂದು ನಿಜವಾಗಿಯೂ ಕೆಲಸವಿದೆ. ಅದನ್ನು ಮಂಗಳವಾರಕ್ಕೆ ಹಾಕಿಕೊಂಡಿದ್ದೇವೆ.