ಮೇಷ್ಟ್ರಿಗೆ ಹೇಳಿದ್ದು, ಕಥೆಗಾರನಿಗಲ್ಲ

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಪರಿಚಯದವರು ಸಿಕ್ಕರೆ ನನಗೆ ಎದುರಾಗುವ ಪ್ರಶ್ನೆ ಒಂದೇ. "ಕಾಲೇಜಲ್ಲಿ ಪಾಠ ಮಾಡ್ತೀರ, ಕಥೆನೂ ಬರೀತೀರ. ಟೈಮ್ ಎಲ್ಲಿ ಸಿಗ್ತದೆ ಸಾ?"

ಮೊದಲು ಈ ಟೈಮಿನ ಲೆಕ್ಕವನ್ನೇ ಹೇಳಿಬಿಡುತ್ತೇನೆ. ನಾನು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆ ಪಾಠ. ಇದನ್ನು ಕೇಳಿದ ನನ್ನ ಭಾವ ಒಮ್ಮೆ, "ಅಷ್ಟೇನಾ? ನಾನು ಎರಡು ದಿನದಲ್ಲಿ ಅಷ್ಟು ದುಡೀತೀನಿ" ಎಂದು ನಕ್ಕಿದ್ದರು. ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಪಾಠದ ಹೊರಗಿನ ಕೆಲಸ ಅವರಿಗೆ ಕಾಣುವುದಿಲ್ಲ.

ಆಂತರಿಕ ಅಂಕಗಳನ್ನು ಯುಯುಸಿಎಂಎಸ್ ತಂತ್ರಾಂಶಕ್ಕೆ ಹಾಕಬೇಕು, ಸರ್ವರ್ ಎದ್ದಿರುವ ಹೊತ್ತು ನೋಡಿಕೊಂಡು. ನ್ಯಾಕ್ ಪರಿಶೀಲನೆ ಇದೆ ಎಂದರೆ ಐದು ವರ್ಷದ ಫೈಲುಗಳನ್ನು ಜೋಡಿಸಬೇಕು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆಧಾರ್ ಹೆಸರು ಒಂದು, ಅಂಕಪಟ್ಟಿಯ ಹೆಸರು ಇನ್ನೊಂದು ಆಗಿದ್ದರೆ ಅದನ್ನು ಸರಿಮಾಡಿಸಬೇಕು. ಎನ್ನೆಸ್ಸೆಸ್ ಶಿಬಿರ, ಚುನಾವಣೆ ಡ್ಯೂಟಿ, ಪರೀಕ್ಷೆ ಮೇಲ್ವಿಚಾರಣೆ, ಉತ್ತರಪತ್ರಿಕೆ ಮೌಲ್ಯಮಾಪನ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು. ಎರಡು ಸಲವೂ ನಾವು ಹೊಸದಾಗಿ ಟಿಪ್ಪಣಿ ಮಾಡಿಕೊಂಡೆವು.

ಹೀಗಾಗಿ ನನ್ನ ಕಥೆಗೆ ಉಳಿಯುವುದು ಬೆಳಗಿನ ನಾಲ್ಕೂವರೆಯಿಂದ ಆರೂವರೆ. ನಾನು ಹೈನು ಸಾಕಿದ ಮನೆಯಲ್ಲಿ ಬೆಳೆದವನು, ಆ ಹೊತ್ತಿಗೆ ಏಳುವುದು ಕಷ್ಟವಲ್ಲ. ವರ್ಷಕ್ಕೆ ಎರಡು ಕಥೆ ಆದರೆ ದೊಡ್ಡದು. ಮೌಲ್ಯಮಾಪನದ ತಿಂಗಳು ಒಂದು ಸಾಲೂ ಆಗುವುದಿಲ್ಲ. ದಿನಕ್ಕೆ ನೂರಾರು ಪುಟ ಒಂದೇ ಪ್ರಶ್ನೆಯ ಉತ್ತರ ಓದಿದ ಮೇಲೆ ನನ್ನ ಸ್ವಂತ ವಾಕ್ಯವೂ ಗೈಡಿನ ವಾಕ್ಯದ ಹಾಗೆ ಕೇಳಿಸುತ್ತದೆ.

ಬರೆದದ್ದರಿಂದ ಕಾಲೇಜಿನಲ್ಲಿ ಏನಾದರೂ ಲಾಭ ಉಂಟಾ ಎಂದೂ ಕೇಳುತ್ತಾರೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಒಂದು ಅಂಕದ ಪಟ್ಟಿ ಇದೆ. ಭಾಷಾ ವಿಷಯದವರ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ಬೇರೆಯವರ ಪುಸ್ತಕವನ್ನು ಅನುವಾದ ಮಾಡಿದರೆ 8 ಅಂಕ. ಪತ್ರಿಕೆಯಲ್ಲಿ ಬಂದ ಸ್ವಂತ ಕಥೆಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಗೌರವಧನ ಬಂದರೆ ನನ್ನ ಬೈಕಿನ ಒಂದು ತಿಂಗಳ ಪೆಟ್ರೋಲಿಗೆ ಸಾಲುವುದಿಲ್ಲ.

"ಹಾಗಾದ್ರೆ ಕೆಲಸ ಬಿಟ್ಟು ಬರೀರಿ" ಎನ್ನುವ ಗೆಳೆಯರೂ ಇದ್ದಾರೆ. ಹಾಗೆ ಮಾಡಿದವರು ಕನ್ನಡದಲ್ಲಿ ಇದ್ದಾರೆ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಆ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದರು. ತೇಜಸ್ವಿ ಎಂಎ ಮುಗಿಸಿ ಮೇಷ್ಟ್ರಾಗುವ ಬದಲು ಮೂಡಿಗೆರೆಯ ಕಡೆ ತೋಟ ಮಾಡಲು ಹೋದರು. ಇನ್ನೊಂದು ಕಡೆ, ಭೈರಪ್ಪನವರು 1991ರಲ್ಲಿ ನಿವೃತ್ತರಾಗುವವರೆಗೂ ಪಾಠ ಮಾಡುತ್ತಲೇ ದೊಡ್ಡ ದೊಡ್ಡ ಕಾದಂಬರಿ ಬರೆದರು. ವೀಣಾ ಶಾಂತೇಶ್ವರ ಧಾರವಾಡದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಹೆಣ್ಣುಮಕ್ಕಳ ಒಳಗಿನ ಮಾತನ್ನು ಕಥೆ ಮಾಡಿದರು. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಮೈಸೂರಿನ ತರಗತಿಯಿಂದ ದೂರ, ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದಾಗ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಬಂದದ್ದು 1936ರಲ್ಲಿ, ಎರಡನೇ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಈ 31 ವರ್ಷದ ನಡುವೆ ಅವರು ರಾಮಾಯಣ ಬರೆದರು, ಪ್ರಾಧ್ಯಾಪಕರಾದರು, ಪ್ರಿನ್ಸಿಪಾಲರಾದರು, ಕುಲಪತಿಯಾಗಿ 1960ರಲ್ಲಿ ನಿವೃತ್ತರಾದರು. ಎರಡು ಕಥೆಯ ನಡುವೆ ಆರು ತಿಂಗಳಾದರೆ ಒದ್ದಾಡುವ ನನ್ನಂಥವರಿಗೆ ಈ ಲೆಕ್ಕ ಸ್ವಲ್ಪ ಧೈರ್ಯ ಕೊಡುತ್ತದೆ.

ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೋಗುವ ರಸ್ತೆಯಲ್ಲಿ ತಳುಕು ಎಂಬ ಊರು ಸಿಗುತ್ತದೆ. ಆ ಊರಿನ ಒಂದೇ ಮನೆತನದಿಂದ ಇಬ್ಬರು ಬಂದರು. ಒಬ್ಬರು ಟಿ.ಎಸ್. ವೆಂಕಣ್ಣಯ್ಯ, ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರು. ತಾವು ಬರೆದದ್ದು ಕಡಿಮೆ, ವಿದ್ಯಾರ್ಥಿಗಳನ್ನು ಬೆಳೆಸಿದ್ದು ಬಹಳ. ಅವರು ತೀರಿಕೊಂಡು ಹತ್ತು ವರ್ಷದ ಮೇಲೆ ಅವರ ಶಿಷ್ಯ ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅವರಿಗೇ ಅರ್ಪಿಸಿದರು. ಇನ್ನೊಬ್ಬರು ತ.ರಾ.ಸು., ಪೆನ್ನನ್ನೇ ನಂಬಿ ಬದುಕಿದವರು. ಅವರ 'ದುರ್ಗಾಸ್ತಮಾನ'ವನ್ನು ನಮ್ಮ ಕಡೆ ಈಗಲೂ ಓದುತ್ತಾರೆ. ಒಬ್ಬರು ತರಗತಿ ಆರಿಸಿಕೊಂಡರು, ಇನ್ನೊಬ್ಬರು ಕಥೆ. ನನಗೆ ಎರಡೂ ಬೇಕು. ಕೆಲಸ ಬಿಡುವ ಯೋಚನೆ ನನಗಿಲ್ಲ. ಮನೆಯ ಬೋರ್‌ವೆಲ್ ಸಾಲ ತೀರಿದ್ದು ಸಂಬಳದಿಂದ. ಸಂಬಳ ಇರುವುದರಿಂದಲೇ ಯಾರಿಗೂ ಹೆದರದೆ, ಯಾರನ್ನೂ ಮೆಚ್ಚಿಸದೆ ನಿಧಾನವಾಗಿ ಬರೆಯಬಲ್ಲೆ.

ಟೈಮಿನ ಕಷ್ಟ, ದುಡ್ಡಿನ ಕಷ್ಟ ಹೀಗೆ ಹೇಗೋ ಸುಧಾರಿಸುತ್ತವೆ. ನಿಜವಾದ ಇಕ್ಕಟ್ಟು ಬೇರೆ ಇದೆ. ಅದು ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಎದುರಿಗಿರುವ ಪ್ಲಾಸ್ಟಿಕ್ ಕುರ್ಚಿ.

ಆ ಕುರ್ಚಿಯಲ್ಲಿ ಕೂತು ಹುಡುಗರು, ಹುಡುಗಿಯರು ಏನೇನೋ ಹೇಳುತ್ತಾರೆ. "ಯಾಕೆ ಒಂದು ವಾರ ಬಂದಿಲ್ಲ?" ಎಂದು ಕೇಳಿದರೆ ಮೊದಲು ಜ್ವರ ಎನ್ನುತ್ತಾರೆ. ಎರಡು ನಿಮಿಷ ಸುಮ್ಮನಿದ್ದರೆ ನಿಜ ಹೊರಗೆ ಬರುತ್ತದೆ. ಮನೆಯ ಜಗಳ, ಸಾಲ, ಕುಡಿತ, ಕಾಯಿಲೆ, ಹಾಸ್ಟೆಲ್ಲಿನಲ್ಲಿ ಊಟ ಬಿಟ್ಟು ಉಳಿಸಿದ ಹಣ. ನಾನು ಹಾಜರಾತಿ ಪುಸ್ತಕ ಮುಂದಿಟ್ಟುಕೊಂಡು ಕೇಳುತ್ತಿರುತ್ತೇನೆ. ನನ್ನೊಳಗೆ ಇನ್ನೊಬ್ಬನೂ ಕೇಳಿಸಿಕೊಳ್ಳುತ್ತಿರುತ್ತಾನೆ. ಅವನು ಕಥೆಗಾರ. ಮಗು ಅಳುವಾಗ ಮೇಷ್ಟ್ರಿಗೆ ಅಯ್ಯೋ ಅನಿಸುತ್ತದೆ. ಕಥೆಗಾರನ ಕಣ್ಣು ಆ ಮಗು ಬೆರಳಿಗೆ ಸುತ್ತಿಕೊಳ್ಳುತ್ತಿರುವ ದುಪಟ್ಟಾದ ಅಂಚಿನ ಮೇಲಿರುತ್ತದೆ. ಇಬ್ಬರೂ ನಾನೇ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಆ ಕುರ್ಚಿಯಲ್ಲಿ ಕೂತು ಒಂದು ವಿಷಯ ಹೇಳಿದ. ಊರು, ಹೆಸರು ಇಲ್ಲಿ ಹೇಳುವುದಿಲ್ಲ. ಉಳಿದದ್ದನ್ನು ಬರೆಯಲು ಅವನೂ ಅವನ ಅಪ್ಪನೂ ಒಪ್ಪಿದ್ದಾರೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಅವರದು ಕುರಿ ಸಾಕುವ ಮನೆ. ಬೇಸಿಗೆಗೆ ಮುಂಚೆ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆ ಬಯಲಿಗೆ ಹೋಗುತ್ತಾರೆ. ಅಲ್ಲಿ ರಾತ್ರಿ ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕಾಗಿ ಗದ್ದೆಯವರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ಆ ವರ್ಷ ಅಪ್ಪ, "ಓದಿದ್ದು ಸಾಕು, ಮಂದೆ ಜೊತೆ ಬಾ" ಎಂದಿದ್ದರು. ಹುಡುಗನಿಗೆ ಎರಡನೇ ವರ್ಷದ ಅಡ್ಮಿಶನ್ ಆಗಬೇಕಿತ್ತು. ಅವನು ಒಂದು ಟಗರುಮರಿಯನ್ನು ಗುಟ್ಟಾಗಿ ಮಾರಿದ. ಮನೆಯಲ್ಲಿ "ರಾತ್ರಿ ತೋಳ ಹೊತ್ಕೊಂಡು ಹೋಯ್ತು" ಎಂದ. ಫೀಸು ಕಟ್ಟಿದ. ಇದನ್ನು ನನಗೆ ಹೇಳುವಾಗ ಅವನು ಅತ್ತದ್ದು ಮರಿಗಾಗಿ. "ನಾನೇ ಬಾಟ್ಲಿ ಹಾಲು ಕುಡಿಸಿ ಸಾಕಿದ್ದು ಸಾ" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಥೆ ಮೊದಲಿನಿಂದ ಕೊನೆಯವರೆಗೆ ಕಣ್ಣ ಮುಂದೆ ನಿಂತಿತ್ತು. ಇಂಥದ್ದು ಬರೆಯುವವನಿಗೆ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಬರೆದು, ಅಲ್ಲಿಗೇ ನಿಲ್ಲಿಸಿ ಬೀರುವಿನಲ್ಲಿಟ್ಟೆ.

ಹೆಸರು ಬದಲಾಯಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಹಳ್ಳಿಯಲ್ಲಿ ಇರುವ ನಿಮಗೆ ಉತ್ತರ ಗೊತ್ತು. ಮುನ್ನೂರು ಮನೆಯ ಊರಿನಲ್ಲಿ ಡಿಗ್ರಿ ಓದುವ ಕುರಿಯವರ ಹುಡುಗ ಎಷ್ಟು ಜನ ಇರುತ್ತಾರೆ? ರಾಮ ಎಂದು ಬರೆದರೂ ಭೀಮ ಎಂದು ಬರೆದರೂ ಯಾರ ಮನೆ ರೊಪ್ಪ ಎಂದು ಜನ ಹೇಳಿಬಿಡುತ್ತಾರೆ. ಹಿಂದೆ ಪತ್ರಿಕೆಯ ಕಥೆ ಹಳ್ಳಿಗೆ ಬರುವುದೇ ಕಷ್ಟವಿತ್ತು. ಈಗ ಬೆಳಿಗ್ಗೆ ಅಚ್ಚಾದ ಕಥೆಯ ಫೋಟೋ ಮಧ್ಯಾಹ್ನದೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಓದಲು ಬಾರದವರಿಗೆ ಓದಿ ಹೇಳುವವರು ಸಿಗುತ್ತಾರೆ. ಆ ಹುಡುಗ ಓದು ಮುಂದುವರಿಸಲು ಹೇಳಿದ ಸುಳ್ಳನ್ನು ನನ್ನ ಕಥೆ ಬಯಲು ಮಾಡಿದರೆ, ಅವನ ಓದು ಅಲ್ಲಿಗೇ ನಿಂತರೂ ನಿಲ್ಲಬಹುದು. ಅವನು ಹೇಳಿದ್ದು ಮೇಷ್ಟ್ರಿಗೆ. ಕಥೆಗಾರ ಅಲ್ಲೇ ಕೂತಿದ್ದಾನೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ನೋಟ್‌ಬುಕ್ ಎರಡು ವರ್ಷ ಬೀರುವಿನಲ್ಲೇ ಇತ್ತು. ಹುಡುಗ ಪಾಸಾದ. ಪದವಿ ಪ್ರಮಾಣಪತ್ರ ಒಯ್ಯಲು ಬಂದ ದಿನ ಅವನ ಅಪ್ಪನೂ ಜೊತೆಗೆ ಬಂದಿದ್ದರು. ಹೆಗಲ ಮೇಲೆ ಕಂಬಳಿ. ಅದೇ ಕುರ್ಚಿಯಲ್ಲಿ ಕೂತು, ಮಗನ ಕಡೆ ಕೈ ತೋರಿಸಿ, "ನಮ್ ತೋಳ ಡಿಗ್ರಿ ಮುಗಿಸ್ತು ಸಾ" ಎಂದರು.

ನಾನು ಹುಡುಗನ ಮುಖ ನೋಡಿದೆ. ಹಿಂದಿನ ವಾರ ಅವನೇ ಅಪ್ಪನ ಹತ್ತಿರ ಎಲ್ಲ ಹೇಳಿದ್ದನಂತೆ. ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ.

"ತೋಳ ಬಂದಿದ್ರೆ ಬೆಳಿಗ್ಗೆ ಕುರಿ ಮೇವಿಗೆ ಬಾಯಿ ಹಾಕ್ತಿರ್ಲಿಲ್ಲ ಸಾ. ಒಂದಕ್ಕೊಂದು ಒತ್ಕೊಂಡು ನಿಂತಿರ್ತವೆ. ಅವತ್ತು ಎಲ್ಲಾ ನೆಮ್ಮದಿಯಾಗಿ ಮೇಯ್ತಿದ್ವು. ನಾಯಿನೂ ಬೊಗಳಿರ್ಲಿಲ್ಲ."

"ಮತ್ತೆ ಯಾಕೆ ಕೇಳ್ಲಿಲ್ಲ?" ಎಂದೆ.

"ಕೇಳಿದ್ರೆ ಇವ್ನು ಸುಳ್ಳು ಒಪ್ಕೋಬೇಕು, ನಾನು ಓದು ಬಿಡಿಸ್ಬೇಕು. ಎರಡೂ ಬ್ಯಾಡ ಅನ್ಸ್ತು. ಅದ್ಕೇ ತೋಳನ್ನೇ ಬೈಕೊಂಡು ಸುಮ್ನಾದೆ."

ಆಗ ನಾನು ಬೀರುವಿನ ನೋಟ್‌ಬುಕ್ಕಿನ ವಿಷಯ ಇಬ್ಬರಿಗೂ ಹೇಳಿ, ಬರೆಯಲಾ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಬರೀರಿ. ಬರೆದು ಒಂದ್ಸಲ ಓದಿ ಹೇಳ್ರಿ" ಎಂದರು.

ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಒಂದು ಭಾನುವಾರ ಅವರ ಹಟ್ಟಿಗೆ ಹೋಗಿ ಜಗಲಿಯಲ್ಲಿ ಕೂತು ಓದಿದೆ. ನಡುವೆ ಒಂದು ಕಡೆ ಅವರು ತಡೆದರು. ಬೇರೊಂದು ರಾತ್ರಿ ನಿಜವಾಗಿ ತೋಳ ಬಂದದ್ದನ್ನು ಬರೆಯುತ್ತ, ಕುರಿ ಕೂಗಿತು ಎಂದಿದ್ದೆ. "ಕೂಗಲ್ಲ ಸಾ. ತೋಳ ಕುತ್ತಿಗೇನೇ ಹಿಡೀತದೆ. ಸದ್ದೇ ಇರಲ್ಲ" ಎಂದರು. ಆ ಸಾಲು ತಿದ್ದಿದೆ. ಕಥೆಗೆ ಅದರಿಂದಲೇ ಜೀವ ಬಂತು ಎಂದು ಓದಿದವರು ಆಮೇಲೆ ಹೇಳಿದರು.

ಎರಡು ವರ್ಷ ಕಾದದ್ದರಿಂದ ಕಥೆಗೆ ನಷ್ಟವೇನೂ ಆಗಲಿಲ್ಲ. ಬೀರುವಿನಲ್ಲಿದ್ದ ಒಂದೂವರೆ ಪುಟದಲ್ಲಿ ಇದ್ದದ್ದು ಗಟ್ಟಿ ಮನಸ್ಸಿನ ಅಪ್ಪ, ಪಾಪದ ಮಗ. ಎಲ್ಲ ಗೊತ್ತಿದ್ದೂ ತೋಳನ್ನು ಬೈದುಕೊಂಡ ಅಪ್ಪ ಅದರಲ್ಲಿ ಇರಲೇ ಇಲ್ಲ. ಅವರು ನನಗೆ ಸಿಕ್ಕಿದ್ದು ಮೇಷ್ಟ್ರು ಬಾಯಿ ಮುಚ್ಚಿಕೊಂಡು ಕಾದದ್ದರಿಂದ.

ಅಂದಿನಿಂದ ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ. ಆ ಕುರ್ಚಿಯಲ್ಲಿ ಕೂತವರು ನನ್ನ ಕಾಲೇಜಿನಲ್ಲಿ ಓದುತ್ತಿರುವವರೆಗೆ ಅವರು ಹೇಳಿದ್ದು ಕಥೆಯಾಗುವುದಿಲ್ಲ. ಆಮೇಲೆ ಬರೆದರೂ ಅವರನ್ನು ಕೇಳಿ, ಅವರ ಮುಂದೆ ಓದಿ, ಬೇಡ ಎಂದರೆ ಹರಿದು ಹಾಕಬೇಕು. ಹೀಗೆ ಎರಡು ಕಥೆ ಹರಿದಿದ್ದೇನೆ. ಅವುಗಳಲ್ಲಿ ಒಂದು ಬಹಳ ಚೆನ್ನಾಗಿತ್ತು, ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೆಯದು ಶನಿವಾರದ ತರಗತಿಯದು. ಆವತ್ತು ಪಠ್ಯ ಬಿಟ್ಟು ಎಲ್ಲರೂ ಒಂದು ಪುಟ ಬರೆಯಬೇಕು. ತಮ್ಮ ಮನೆಯ ಕೆಲಸದ ಬಗ್ಗೆ, ನೋಡಿದ್ದನ್ನು ನೋಡಿದ ಹಾಗೆ. ಶೇಂಗಾ ಬಿಡಿಸುವ ಕೂಲಿ ಲೆಕ್ಕ, ಕಂಬಳಿ ನೇಯುವ ಅಜ್ಜಿಯ ಬೆನ್ನುನೋವು, ಗಾರ್ಮೆಂಟ್ಸ್‌ಗೆ ಹೋದ ಅಕ್ಕನ ಫೋನು. ಆ ಪುಟಗಳಲ್ಲಿ ನನ್ನ ಕಥೆಗಿಂತ ಒಳ್ಳೆಯ ಸಾಲುಗಳಿರುತ್ತವೆ. ಕಾಗುಣಿತ ತಿದ್ದಿ ವಾಪಸ್ ಕೊಡುತ್ತೇನೆ. ಅವುಗಳಿಂದ ಒಂದು ಪದವನ್ನೂ ತೆಗೆದುಕೊಳ್ಳುವುದಿಲ್ಲ. ಅವು ಅವರವು.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಶನಿವಾರ ಸಂಜೆ ಬಂದು, "ಅಪ್ಪ, ನೀನು ಬಾವಿ ತೋಡಿದ್ದು ಯಾವ ವರ್ಷ? ಎಷ್ಟು ಖರ್ಚಾಯ್ತು?" ಎಂದು ಕೇಳಿದರೆ ಬೈದು ಕಳಿಸಬೇಡಿ. ಕೂರಿಸಿಕೊಂಡು ಹೇಳಿ. ನಮ್ಮಂಥ ಹೊರಗಿನವರು ಬಂದು ನಿಮ್ಮ ಕಥೆ ಬರೆಯುವುದಕ್ಕಿಂತ, ನಿಮ್ಮ ಮಕ್ಕಳೇ ನಿಮ್ಮನ್ನು ಕೇಳಿಕೊಂಡು ಬರೆಯುವುದು ಮೇಲು.