ಅಂಕೋಲೆಯ ಬೆಳಗಿನ ಪೇಟೆ

ಹುಬ್ಬಳ್ಳಿಯಿಂದ ನಸುಕಿನಲ್ಲಿ ಹೊರಟ ಬಸ್ಸು ಯಲ್ಲಾಪುರವನ್ನು ಹಿಂದಿಕ್ಕಿ ಅರಬೈಲು ಘಟ್ಟದ ತಿರುವುಗಳನ್ನು ಒಂದೊಂದಾಗಿ ಇಳಿಯತೊಡಗಿದಾಗ ಪ್ರಯಾಣಿಕನ ಮೈಗೆ ಮೊದಲು ತಿಳಿಯುವುದು ಗಾಳಿಯ ಬದಲಾವಣೆ. ಬಯಲುಸೀಮೆಯ ಒಣಗಾಳಿ ಕಾಡಿನ ತಂಪಾಗಿ, ಕಾಡಿನ ತಂಪು ಕಡಲಿನ ಜಿಗುಟಾಗಿ ಮಾರ್ಪಡುತ್ತದೆ. ಅದೇ ದಾರಿಯಲ್ಲಿ ಮುಂದೆಯೂ ಹಿಂದೆಯೂ ಲಾರಿಗಳು ಸಾಗುತ್ತಿರುತ್ತವೆ. ಅವುಗಳಲ್ಲಿ ಕೆಲವು ಕೋಸು, ಟೊಮೆಟೊ, ಬಟಾಟೆಗಳನ್ನು ಹೊತ್ತು ಕರಾವಳಿಗೆ ಇಳಿಯುವಂಥವು. ಕರಾವಳಿಯ ಗೃಹಿಣಿಯರು ಈ ಸರಕಿಗೆ ‘ಘಟ್ಟದ ತರಕಾರಿ’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿನಲ್ಲಿ ತಿರಸ್ಕಾರವೇನೂ ಇಲ್ಲ. ಆದರೆ ಅದು ತಮ್ಮದಲ್ಲವೆಂಬ ಸೂಚನೆಯಂತೂ ಇದೆ. ತಮ್ಮದು ಯಾವುದೆಂದು ತಿಳಿಯಬೇಕಾದರೆ ಅಂಕೋಲೆಯಲ್ಲಿ ಇಳಿದು, ಬಿಸಿಲೇರುವ ಮುನ್ನ ಪೇಟೆಯ ಬೀದಿಗೆ ಕಾಲಿಡಬೇಕು.

ಉತ್ತರ ಕನ್ನಡ ಜಿಲ್ಲೆಯ ಈ ತಾಲೂಕು ಪಟ್ಟಣವು ಕಾರವಾರದ ದಕ್ಷಿಣಕ್ಕಿದೆ. ಸುತ್ತಲಿನ ಹಳ್ಳಿಗಳ ಮೊದಲ ಬಸ್ಸುಗಳು ಬಂದು ನಿಲ್ಲುತ್ತಿದ್ದಂತೆ ಅವುಗಳಿಂದ ಇಳಿಯುವವರಲ್ಲಿ ಹೆಂಗಸರೇ ಹೆಚ್ಚು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಬಾಡದಂತೆ ಹೊದಿಸಿದ ಬಾಳೆಲೆ. ವಯಸ್ಸಾದವರು ಸೀರೆಯನ್ನು ಕೊರಳಿಗೆ ಗಂಟಿಕ್ಕಿ ಉಟ್ಟಿರುತ್ತಾರೆ. ಎದೆಯನ್ನೇ ಮುಚ್ಚುವಷ್ಟು ಮಣಿಸರಗಳು ಅವರ ಕೊರಳಲ್ಲಿ ತುಂಬಿರುತ್ತವೆ. ಇವರು ಹಾಲಕ್ಕಿ ಒಕ್ಕಲಿಗರು. ಅವರ ಜೊತೆಯಲ್ಲಿಯೇ ಬೇರೆ ಸಮುದಾಯಗಳ ರೈತ ಹೆಂಗಸರೂ ಬುಟ್ಟಿ ಇಳಿಸುತ್ತಾರೆ. ಅಂಗಡಿಯೆಂಬುದಿಲ್ಲ, ಫಲಕವಿಲ್ಲ. ಒಂದು ಗೋಣಿತಾಟು ಹಾಸಿದರೆ ಅದೇ ಅಂಗಡಿ. ಅದರ ಮೇಲೆ ಕುಳಿತವಳೇ ಬೆಳೆದವಳು, ಹೊತ್ತವಳು, ಮಾರುವವಳು.

ಗೋಣಿಯ ಮೇಲೆ ಹರಡಿದ ಪದಾರ್ಥವನ್ನು ನೋಡಿಯೇ ಋತುವನ್ನು ಹೇಳಬಹುದು. ಮಳೆಗಾಲದಲ್ಲಿ ಹೀರೆ, ಹಾಗಲ, ಎಳೆ ಸೌತೆ, ಉದ್ದವೂ ಬಿಳುಪೂ ಆದ ಹಾಲುಬೆಂಡೆ. ಚಳಿ ಬೀಳುತ್ತಿದ್ದಂತೆ ಕೆಂಪು ಹರಿವೆಯ ಸೂಡಿಗಳು, ಎಲೆಯೊಡನೆಯೇ ಕಟ್ಟಿದ ಮೂಲಂಗಿ, ಅಲಸಂದೆ, ಊರ ಬದನೆ. ಬೇಸಗೆಯ ಹೊತ್ತಿಗೆ ಗೆಣಸು, ಶೇಂಗಾ, ಕಲ್ಲಂಗಡಿ, ಹಳದಿಗೆ ತಿರುಗಿದ ದಪ್ಪ ಮೊಗೆಕಾಯಿ. ವರ್ಷದುದ್ದಕ್ಕೂ ಬಸಳೆ, ಹಿತ್ತಿಲಿನ ಬಾಳೆಗೊನೆ, ತೆಂಗಿನಕಾಯಿ, ಕೆಸುವಿನ ಗಡ್ಡೆ ಇದ್ದೇ ಇರುತ್ತವೆ. ಯಾವ ಬುಟ್ಟಿಯಲ್ಲಿಯೂ ಒಂದೇ ಸರಕು ಹೇರಳವಾಗಿರುವುದಿಲ್ಲ. ನಾಲ್ಕು ಸೂಡಿ ಸೊಪ್ಪು, ಹತ್ತು ಬದನೆ, ಒಂದು ಮೊಗೆಕಾಯಿ, ಸೆರಗಿನ ತುದಿಯಲ್ಲಿ ಕಟ್ಟಿತಂದ ಹಿಡಿಯಷ್ಟು ಹಸಿಮೆಣಸು. ಮನೆಯ ಊಟಕ್ಕೆ ಬೆಳೆದು, ಉಳಿದದ್ದನ್ನು ಪೇಟೆಗೆ ತಂದ ಸಂಸಾರವೊಂದರ ಚಿತ್ರವೇ ಆ ಬುಟ್ಟಿಯಲ್ಲಿರುತ್ತದೆ.

ವ್ಯಾಪಾರವೂ ಅದೇ ಧಾಟಿಯದು. ಸೊಪ್ಪಿಗೆ ಸೂಡಿಯ ಲೆಕ್ಕ, ಬದನೆಗೆ ರಾಶಿಯ ಲೆಕ್ಕ, ಮೊಗೆಕಾಯಿಗೆ ಕೈಯ ತೂಕ. ಪಟ್ಟಣದ ಗಿರಾಕಿ ರಾಶಿಯನ್ನು ಕೆದಕಿ, ‘ಇದು ಘಟ್ಟದ್ದಲ್ಲವಷ್ಟೆ?’ ಎಂದು ಕೇಳಿದರೆ ಮುದುಕಿ ನಗುತ್ತಾಳೆ. ‘ಅಲ್ಲ ತಂಗೀ, ನಮ್ಮ ಹಿತ್ಲದ್ದೇ. ನಿನ್ನೆ ಸಂಜೆ ಕೊಯ್ದದ್ದು’ ಎನ್ನುತ್ತಾಳೆ. ಬೆಲೆಯ ಚೌಕಾಸಿ ನಡೆಯದೆ ಇರದು. ಆದರೆ ಕೊನೆಯಲ್ಲಿ ಒಂದೆರಡು ಬದನೆಯೋ ಒಂದೆಸಳು ಕರಿಬೇವೋ ಮೇಲೆ ಬೀಳುವುದೂ ತಪ್ಪದು. ಗಿರಾಕಿಗೆ ಹುಳುಕು ಕಾಯಿ ಹೋದರೆ ಮರುದಿನ ಅದೇ ಗೋಣಿಯ ಮುಂದೆ ಬಂದು ಕೇಳುತ್ತಾಳೆಂಬುದನ್ನು ಮಾರುವವಳು ಬಲ್ಲಳು. ಇಬ್ಬರ ನಡುವೆ ಮೂರನೆಯವರಿಲ್ಲ. ದಲ್ಲಾಳಿಯ ಪಾಲು ಕಳೆಯುವ ಪ್ರಶ್ನೆಯೇ ಇಲ್ಲದ್ದರಿಂದ ಕೊಟ್ಟ ಹಣವೆಲ್ಲ ಬೆಳೆದ ಕೈಗೇ ಸೇರುತ್ತದೆ.

ಈ ಬುಟ್ಟಿಗಳ ಮೂಲವನ್ನು ಹುಡುಕಿ ಹೊರಟರೆ ದಾರಿ ‘ಕೊಪ್ಪ’ಗಳಿಗೆ ಕರೆದೊಯ್ಯುತ್ತದೆ. ಹಾಲಕ್ಕಿಗಳ ಮನೆಗಳು ಒತ್ತಾಗಿ ನಿಂತ ಕೇರಿಗೆ ಕೊಪ್ಪವೆಂದು ಹೆಸರು. ಕೊಪ್ಪದ ಹಿಂದೆ ಗುಡ್ಡ, ಮುಂದೆ ಗದ್ದೆ, ಗದ್ದೆಯ ಆಚೆ ಹಲವೆಡೆ ಹೊಳೆಯೋ ಕಡಲೋ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನಾಡಿನಲ್ಲಿ ಮಳೆಗಾಲದ ಗದ್ದೆ ಭತ್ತಕ್ಕೆ ಮೀಸಲು. ಕೊಯ್ಲು ಮುಗಿದು ನೀರು ಬಸಿದ ಮೇಲೆ ಅದೇ ಮರಳುಮಿಶ್ರಿತ ನೆಲ ತರಕಾರಿಯ ಮಡಿಯಾಗುತ್ತದೆ. ಗದ್ದೆಯ ಮೂಲೆಯಲ್ಲಿ ಅಗೆದ ಹೊಂಡದಲ್ಲಿ ಆಳಿಲ್ಲದೆ ನೀರು ದೊರೆಯುತ್ತದೆ. ಅಲ್ಲಿಂದ ಎರಡೂ ಕೈಗಳಲ್ಲಿ ಕೊಡ ಹಿಡಿದು, ಮಡಿಯಿಂದ ಮಡಿಗೆ ನಡೆದು, ಗಿಡದ ಬುಡಕ್ಕೆ ನೀರು ಚೆಲ್ಲುವ ಪದ್ಧತಿ ತಲೆಮಾರುಗಳಿಂದ ನಡೆದುಬಂದದ್ದು. ಪಂಪು ಬಂದ ಮೇಲೆ ಕೈಗಳಿಗೆ ಸ್ವಲ್ಪ ಬಿಡುವು ದೊರೆತಿದೆ. ಆದರೆ ಸಣ್ಣ ಹಿಡುವಳಿಯ ದುಡಿಮೆ ಇನ್ನೂ ಕುಟುಂಬದ ದುಡಿಮೆಯೇ. ಗಂಡಸರು ಅಗೆದು ಏರಿ ಕಟ್ಟುತ್ತಾರೆ. ಹೆಂಗಸರು ನೆಡುತ್ತಾರೆ, ನೀರೆರೆಯುತ್ತಾರೆ, ಕೊಯ್ಯುತ್ತಾರೆ, ಪೇಟೆಗೆ ಒಯ್ಯುತ್ತಾರೆ. ಶಾಲೆಯಿಂದ ಬಂದ ಮಕ್ಕಳು ಸೂಡಿ ಕಟ್ಟುತ್ತಾರೆ.

ಮನೆಯ ಹಿರಿಯಳಿಗೆ ಇವೆಲ್ಲಕ್ಕಿಂತ ದೊಡ್ಡ ಹೊಣೆಯೊಂದಿದೆ. ಅದು ಬೀಜ ಕಾಯುವುದು. ಅತ್ಯುತ್ತಮವಾದ ಕಾಯಿ ಪೇಟೆಗೆ ಬರುವುದಿಲ್ಲ. ಅದು ಬಳ್ಳಿಯಲ್ಲಿಯೇ ಬಲಿತು ಒಣಗಬೇಕು. ಬಲಿತ ಹೀರೆ, ಸೋರೆಗಳು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ತೂಗುತ್ತವೆ. ಬದನೆ, ಹರಿವೆ, ಮೊಗೆಗಳ ಬೀಜಗಳು ಬೂದಿಯೊಡನೆ ಬೆರೆತು ಗಡಿಗೆ ಸೇರುತ್ತವೆ. ಅಂಗಡಿಯ ಪೊಟ್ಟಣದ ಬೀಜ ಒಂದು ಬೆಳೆಗೆ ಬಂದು ಹೋಗುವಂಥದು. ಈ ಗಡಿಗೆಯದು ಅತ್ತೆಯಿಂದ ಸೊಸೆಗೆ ಇಳಿದುಬರುವಂಥದು. ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿತವರಲ್ಲ. ಆದರೂ ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕೆಂಬ ಅವರ ತಿಳಿವಳಿಕೆ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ಸಲ್ಲಿತು. ಭಾರತ ಸರ್ಕಾರವು 2020ರ ಪದ್ಮಶ್ರೀ ಪ್ರಶಸ್ತಿಯನ್ನು ಅವರಿಗೆ ನೀಡಿ ಗೌರವಿಸಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕಾಡಿನ ವಿಷಯದಲ್ಲಿ ಅವರಿಗಿದ್ದ ಆ ಕಣ್ಣು, ಗದ್ದೆಯ ವಿಷಯದಲ್ಲಿ ಪೇಟೆಯ ಬೀದಿಯಲ್ಲಿ ಗೋಣಿ ಹಾಸಿ ಕುಳಿತ ಅನೇಕ ಹೆಂಗಸರಿಗೆ ಇದೆ.

ವೈಶಾಖದಲ್ಲಿ ಈ ಪೇಟೆಯ ಬಣ್ಣ ಬದಲಾಗುತ್ತದೆ. ಬಂಡಿಹಬ್ಬದ ಗದ್ದಲದ ಆಸುಪಾಸಿನಲ್ಲಿ ಕರಿ ಈಶಾಡ ಮಾವು ಬರುತ್ತದೆ. ಈಶಾಡದಲ್ಲಿ ಕರಿ, ಬಿಳಿ ಎಂದು ಎರಡು ಬಗೆ. ಬಿಳಿಯದರ ಸಿಪ್ಪೆ ದಪ್ಪ; ಕರಿಯದು ತೆಳುಸಿಪ್ಪೆಯ, ತಿರುಳು ತುಂಬಿದ, ಕಂಪೂ ಸಿಹಿಯೂ ಹೆಚ್ಚಾದ ಹಣ್ಣು. ಆದರೆ ಆ ತೆಳುಸಿಪ್ಪೆಯೇ ಅದರ ದೌರ್ಬಲ್ಯ. ಹೆಚ್ಚು ದಿನ ಇಡಲಾಗದು. ದೂರದ ಪ್ರಯಾಣದ ಪೆಟ್ಟನ್ನು ಅದು ತಾಳದು. ಆದಕಾರಣ ಮಹಾನಗರಗಳ ಹಣ್ಣಿನಂಗಡಿಗಳಲ್ಲಿ ಬೇರೆ ಮಾವುಗಳು ಮೆರೆಯುವಾಗ ಈಶಾಡವು ತನ್ನ ಊರಿನಲ್ಲಿಯೇ ಉಳಿಯಿತು. ಅದನ್ನು ಸವಿಯಬೇಕಾದವನು ಮೇ ತಿಂಗಳಲ್ಲಿ ಅಂಕೋಲೆಗೇ ಬರಬೇಕು. ಬುಟ್ಟಿಯ ಮುಂದೆ ಕುಳಿತು, ಇಂದಿಗೆ ಎಷ್ಟು, ನಾಳೆಗೆ ಎಷ್ಟು ಎಂದು ಹೇಳಿ ಹಣ್ಣನ್ನು ಆರಿಸಿಕೊಳ್ಳಬೇಕು. ಮಾರುವವಳು ಹೆಬ್ಬೆರಳಿನಿಂದ ಮೆಲ್ಲನೆ ಮುಟ್ಟಿ, ‘ಇದು ಇಂದಿಗೆ, ಇದು ನಾಡಿದ್ದಿಗೆ’ ಎಂದು ವಿಂಗಡಿಸಿ ಕೊಡುತ್ತಾಳೆ. 2023ರಲ್ಲಿ ಅಂಕೋಲೆಯ ಕರಿ ಈಶಾಡಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಈ ಮಾವಿನ ಹೆಸರು ಈ ನೆಲಕ್ಕೆ ಸೇರಿದ್ದೆಂದು ಕಾನೂನು ಒಪ್ಪಿಕೊಂಡಿತು.

ನೆಲ ಯಾರದೆಂಬ ಪ್ರಶ್ನೆ ಮಾತ್ರ ಇಲ್ಲಿ ಅಷ್ಟು ಸುಲಭವಾಗಿ ತೀರ್ಮಾನವಾದದ್ದಲ್ಲ. ಇಂದು ಬುಟ್ಟಿ ಹೊತ್ತು ಬರುವ ಮುದುಕಿಯರಲ್ಲಿ ಅನೇಕರು ಬಾಲ್ಯದಲ್ಲಿ ಕಂಡದ್ದು ಗೇಣಿಯ ಗದ್ದೆ. ಒಡೆಯನು ಬೇಡವೆಂದ ದಿನ ಬಿಟ್ಟು ಏಳಬೇಕಾದ ಚಾಲಗೇಣಿಯಲ್ಲಿ ಈ ಜಿಲ್ಲೆಯ ಒಕ್ಕಲುಗಳು ಬಹುಕಾಲ ಬೆವರು ಸುರಿಸಿದರು. ಚುಟುಕಗಳ ಕವಿಯೆಂದು ಕನ್ನಡಿಗರೆಲ್ಲ ಬಲ್ಲ ದಿನಕರ ದೇಸಾಯಿಯವರು ಇಲ್ಲಿನ ರೈತರನ್ನು ಸಂಘಟಿಸಿದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರವು ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಅರ್ಜಿ ಹಾಕಿ ನ್ಯಾಯಮಂಡಳಿಯ ಮುಂದೆ ನಿಂತ ಎಷ್ಟೋ ಒಕ್ಕಲುಗಳ ಹೆಸರು ಮೊದಲ ಬಾರಿಗೆ ಪಹಣಿಯಲ್ಲಿ ಕಾಣಿಸಿಕೊಂಡಿತು. ಸ್ವಂತ ಗದ್ದೆಯ ಅಂಚಿನಲ್ಲಿ ಮಾವಿನ ಸಸಿ ನೆಡುವುದಕ್ಕೂ ಗೇಣಿಯ ಗದ್ದೆಯಲ್ಲಿ ನೆಡುವುದಕ್ಕೂ ಇರುವ ವ್ಯತ್ಯಾಸವನ್ನು ಆ ಕಾಲ ಕಂಡವರು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣು ಕೊಡುವ ತನಕ ತಾನು ಅಲ್ಲಿರುತ್ತೇನೆಂಬ ನಂಬಿಕೆಯಿಲ್ಲದವನು ಮರ ನೆಡುವುದಿಲ್ಲ.

ದೊರೆತ ನೆಲವೂ ಅಲುಗಾಡದೆ ಉಳಿಯಲಿಲ್ಲ. 1986ರಲ್ಲಿ ಅಡಿಗಲ್ಲು ಕಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಊರುಗಳು ಗದ್ದೆ, ಹಿತ್ತಿಲು, ಮರಗಳನ್ನು ಬಿಟ್ಟುಕೊಟ್ಟವು. ಪರಿಹಾರದ ಹಣ ಕೈಗೆ ಬರಬಹುದು, ಹೊಸ ಮನೆಯೂ ಏಳಬಹುದು. ನಾಲ್ಕು ಸಾಲು ಹರಿವೆಗೂ ಎಡೆಯಿಲ್ಲದ ನಿವೇಶನದಿಂದ ಬುಟ್ಟಿ ಮಾತ್ರ ಹೊರಡಲಾರದು. ಆ ಮೇಲೆ ಬಂದದ್ದು ಹೆದ್ದಾರಿಯ ಅಗಲೀಕರಣ.

ಅದರ ಪರಿಣಾಮವನ್ನು ಕಾಣಬೇಕಾದರೆ ಗಂಗಾವಳಿ, ಅಘನಾಶಿನಿ ಎಂಬೆರಡು ನದಿಗಳನ್ನು ದಾಟಿ ದಕ್ಷಿಣದ ಕುಮಟೆಗೆ ಹೋಗಬೇಕು. ಅಲ್ಲಿಯ ಅಳವೇಕೋಡಿ, ವನ್ನಳ್ಳಿ, ಹಂದಿಗೋಣಗಳ ಮರಳುನೆಲದಲ್ಲಿ ಭತ್ತದ ಬೆನ್ನಿಗೆ ಬೆಳೆಯುವ ಸಿಹಿ ಈರುಳ್ಳಿ ಹೆಸರುವಾಸಿಯಾದದ್ದು. ಬೇಸಗೆಯಲ್ಲಿ ಅದನ್ನು ಒಣಗಿದ ಎಲೆಗಳ ಸಮೇತ ಜಡೆಯಂತೆ ಹೆಣೆದು, ಗೊಂಚಲು ಮಾಡಿ, ರಸ್ತೆಯ ಬದಿಯ ಚಪ್ಪರಗಳಿಗೆ ತೂಗಹಾಕುತ್ತಾರೆ. ಗೋವೆಯಿಂದ ಮಂಗಳೂರಿಗೆ, ಮಂಗಳೂರಿನಿಂದ ಗೋವೆಗೆ ಹೋಗುವ ವಾಹನಗಳು ನಿಂತು ಕೊಂಡೊಯ್ಯುತ್ತವೆ. ಅಡುಗೆಮನೆಯಲ್ಲಿ ತೂಗಿದ ಗೊಂಚಲು ಮಳೆಗಾಲಕ್ಕೂ ಆಗಿಬರುತ್ತದೆ. ಕಿರಿದಾದ ಹಳೆಯ ರಸ್ತೆಯಲ್ಲಿ ವಾಹನ ನಿಧಾನವಾಗಿ ಸಾಗುತ್ತಿತ್ತು, ಮನಸ್ಸಾದಲ್ಲಿ ನಿಲ್ಲುತ್ತಿತ್ತು. ನಾಲ್ಕು ಪಥದ ಹೆದ್ದಾರಿಯ ವೇಗಕ್ಕೆ ಈರುಳ್ಳಿಯ ಗೊಂಚಲು ಕಣ್ಣಿಗೆ ಬೀಳುವಷ್ಟರಲ್ಲಿ ಹಿಂದೆ ಸರಿದಿರುತ್ತದೆ. ರಸ್ತೆ ಬೇಡವೆಂದು ಇಲ್ಲಿ ಯಾರೂ ಹೇಳರು. ಆಸ್ಪತ್ರೆಗೂ ಕಾಲೇಜಿಗೂ ಅದೇ ದಾರಿ. ರಸ್ತೆಯ ನಕ್ಷೆಯಲ್ಲಿ ಬುಟ್ಟಿ ಇಳಿಸಲು ಒಂದು ಮಾರು ಜಾಗ ಇರಲೆಂಬುದಷ್ಟೇ ಅವರ ಬೇಡಿಕೆ.

ಆ ಜಾಗದ ಮಹತ್ವ ಮೇಲುನೋಟಕ್ಕೆ ತೋರುವುದಕ್ಕಿಂತ ದೊಡ್ಡದು. ದಲ್ಲಾಳಿಗೆ ಬೇಕಾದದ್ದು ಒಂದೇ ಗಾತ್ರದ, ಒಂದೇ ಬಣ್ಣದ, ಗಾಡಿ ತುಂಬುವಷ್ಟು ಸರಕು. ಹತ್ತು ಬದನೆ, ನಾಲ್ಕು ಸೂಡಿಯ ಬುಟ್ಟಿ ಅವನಿಗೆ ಬೇಡ. ಹಾಲುಬೆಂಡೆಯನ್ನೂ ಊರ ಬದನೆಯನ್ನೂ ಹೆಸರು ಹಿಡಿದು ಕೇಳುವ ಗಿರಾಕಿ ಸಿಗುವುದು ಈ ಬೀದಿಯಲ್ಲಿ ಮಾತ್ರ. ಇಲ್ಲಿ ಕುಳಿತುಕೊಳ್ಳುವ ಎಡೆ ತಪ್ಪಿದರೆ ಅವುಗಳನ್ನು ಬೆಳೆಯುವ ಅಗತ್ಯ ತಪ್ಪುತ್ತದೆ. ಬೆಳೆಯದ ಬೀಜ ಒಂದೆರಡು ವರ್ಷಗಳಲ್ಲಿ ಗಡಿಗೆಯಲ್ಲಿಯೇ ಸಾಯುತ್ತದೆ. ಕಲಿತ ಸೊಸೆಯಂದಿರು ಅಂಗಡಿ, ಕಚೇರಿಗಳ ಕೆಲಸಕ್ಕೆ ಹೋಗುತ್ತಿರುವ ಈ ದಿನಗಳಲ್ಲಿ ಹಲವು ಗೋಣಿಗಳ ಮೇಲೆ ಮುದುಕಿಯರೇ ಉಳಿದಿದ್ದಾರೆ. ಅಲ್ಲಲ್ಲಿ ಒಬ್ಬ ಮೊಮ್ಮಗಳು ಪಕ್ಕದಲ್ಲಿ ಕುಳಿತು, ಫೋನಿನ ಮೂಲಕ ಬಂದ ಹಣವನ್ನು ಓದಿ ಅಜ್ಜಿಗೆ ಹೇಳುವುದನ್ನು ಕಾಣಬಹುದು. ಅಜ್ಜಿಯು ಆ ಹುಡುಗಿಗೆ ಹಣ್ಣು ಮುಟ್ಟಿ ನೋಡುವುದನ್ನು ಕಲಿಸುತ್ತಿರುತ್ತಾಳೆ.

ಬಿಸಿಲೇರುವ ಹೊತ್ತಿಗೆ ಬುಟ್ಟಿಗಳು ಹಗುರಾಗುತ್ತವೆ. ಮಾರಿದ ಹಣದಲ್ಲಿ ಎಣ್ಣೆ, ಸಕ್ಕರೆ, ಒಣಮೀನು, ಮಗುವಿಗೊಂದು ಬಿಸ್ಕತ್ತಿನ ಪೊಟ್ಟಣ ಬುಟ್ಟಿಯ ತಳ ಸೇರುತ್ತವೆ. ಮಧ್ಯಾಹ್ನದ ಬಸ್ಸು ಹೊರಡುವ ಮುನ್ನ ತಡವಾಗಿ ಬಂದ ಗಿರಾಕಿಯೊಬ್ಬಳು ಕೇಳುತ್ತಾಳೆ: ‘ಅಜ್ಜೀ, ದೊಡ್ಡ ಮೊಗೆಕಾಯಿ ಒಂದೂ ಉಳಿದಿಲ್ಲವೆ?’ ಗೋಣಿ ಮಡಿಸುತ್ತಿದ್ದ ಮುದುಕಿ ತಲೆಯಾಡಿಸುತ್ತಾಳೆ. ‘ಮನೆಯಲ್ಲಿ ಒಂದಿದೆ ತಂಗೀ. ಅದು ಮಾರುವುದಲ್ಲ, ಬೀಜಕ್ಕೆ ಬಿಟ್ಟದ್ದು. ಬರುವ ವರ್ಷ ಬಾ.’

ಬಸ್ಸು ಧೂಳೆಬ್ಬಿಸಿ ಕೊಪ್ಪದ ಕಡೆಗೆ ಹೊರಟು ಹೋಗುತ್ತದೆ. ಗೋಣಿ ಹಾಸಿದ್ದ ಸ್ಥಳದಲ್ಲಿ ಒಂದೆರಡು ಹರಿವೆಯ ಎಲೆಗಳು ಬಿದ್ದಿರುತ್ತವೆ. ಬೀದಿಯ ಹಸುವೊಂದು ಬಂದು ಅವನ್ನೂ ಮುಗಿಸುತ್ತದೆ.