ಗಾಡಿಗೂ ಮಂಡಿನೋವು

ಹದಿನೈದು ವರ್ಷದಿಂದ ನಮ್ಮ ಪಿಕಪ್ ಗಾಡಿ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರುತ್ತಿದೆ. ಹೋದ ವರ್ಷ ತಳದ ಕ್ರೇಟುಗಳ ಹಣ್ಣು ಜಜ್ಜಿಹೋಗತೊಡಗಿತು. ಅರ್ಧ ಬೆಲೆಯೂ ಸಿಗಲಿಲ್ಲ. ನಾನು ರಸ್ತೆಯ ಗುಂಡಿಗಳನ್ನು ಬೈಯುತ್ತಿದ್ದೆ.

ಒಂದು ದಿನ ಮೊಮ್ಮಗಳು ನಿಂತ ಗಾಡಿಯ ಹಿಂಬದಿಯಿಂದ ಕೆಳಕ್ಕೆ ನೆಗೆದಳು. "ತಾತ, ಗಾಡಿ ಇನ್ನೂ ಕುಣೀತಾನೇ ಇದೆ!" ಎಂದಳು. ಎಣಿಸಿದೆವು, ನಾಲ್ಕು ಸಲ.

ಮೆಕ್ಯಾನಿಕ್ ಗಾಡಿಯಡಿ ತೂರಿ ನೋಡಿದ. ಶಾಕ್ ಅಬ್ಸಾರ್ಬರ್‌ನ ಎಣ್ಣೆ ಸೋರಿತ್ತು, ರಬ್ಬರ್ ಬುಶ್‌ಗಳು ಸವೆದಿದ್ದವು, ಕಮಾನು ಪಟ್ಟಿಯೊಂದು ಸೀಳಿತ್ತು.

"ಭಾರ ಹೊರೋದು ಪಟ್ಟಿ. ಅದರ ಕುಣಿತ ನಿಲ್ಲಿಸೋದು ಶಾಕ್ ಒಳಗಿನ ಎಣ್ಣೆ. ಎಣ್ಣೆ ಹೋದರೆ ಹಣ್ಣೂ ಕುಣಿಯುತ್ತೆ" ಎಂದ.

"ಒಂದು ಪಟ್ಟಿ ಜಾಸ್ತಿ ಹಾಕಪ್ಪ, ಇನ್ನೂ ಹತ್ತು ಕ್ರೇಟು ಹೇರಬಹುದು" ಎಂದೆ.

"ಪಟ್ಟಿ ಸೇರಿಸಿದರೆ ಬ್ರೇಕಿಗೆ ಬಲ ಬರುತ್ತಾ ಯಜಮಾನ್ರೇ?" ಎಂದು ಅವನು ಕೇಳಿದಾಗ ನಾನು ಸುಮ್ಮನಾದೆ. ಆ ಗಾಡಿಯಲ್ಲಿ ನನ್ನ ಪಕ್ಕ ಕೂರುವವಳು ಮೊಮ್ಮಗಳೇ.

ಎರಡೂ ಬದಿಯ ಶಾಕ್, ಬುಶ್‌ಗಳನ್ನು ಒಟ್ಟಿಗೇ ಬದಲಿಸಿ, ಸೀಳಿದ ಪಟ್ಟಿ ತೆಗೆದು ಅದೇ ಅಳತೆಯದನ್ನು ಹಾಕಿಸಿದೆವು. ಈಗ ಹತ್ತು ಕ್ರೇಟು ಕಡಿಮೆಯೇ ಹೇರುತ್ತೇನೆ. ಆದರೆ ತಳದ ಹಣ್ಣಿಗೂ ಪೂರ್ತಿ ಬೆಲೆ.

ಮೊಮ್ಮಗಳು ಮತ್ತೆ ನೆಗೆದು ನೋಡಿದಳು. ಗಾಡಿ ಒಮ್ಮೆ ಎದ್ದು ಸುಮ್ಮನೆ ನಿಂತಿತು.